ತೊದಲು ನುಡಿಯೊಳಗಿನ ವ್ಯಾಕರಣ

ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಬೀದಿಗಳಲ್ಲಿ ಕನ್ನಡದ ಜೊತೆಗೆ ತೆಲುಗು, ತಮಿಳು, ಉರ್ದು, ಹಿಂದಿಗಳೂ ಕಿವಿಗೆ ಬೀಳುತ್ತವೆ. 2011ರ ಜನಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದವರು ಅರ್ಧಕ್ಕಿಂತ ಕಡಿಮೆ. ಇಂಥ ನಗರದಲ್ಲಿ ಮಗುವನ್ನು ಬೆಳೆಸುವ ಅನೇಕ ಕನ್ನಡಿಗ ದಂಪತಿಗಳಿಗೆ ಒಂದು ಆತಂಕವಿದೆ. ಮನೆಯಲ್ಲಿ ಕನ್ನಡವನ್ನೇ ಆಡಿದರೆ ಮಗು ಇಂಗ್ಲಿಷ್ ಶಾಲೆಯಲ್ಲಿ ಹಿಂದೆ ಬೀಳುವುದೇ? ಈ ಅಂಜಿಕೆಯಿಂದ ಮಗುವಿನೊಡನೆ ತಮಗೇ ಸಲೀಸಲ್ಲದ ಇಂಗ್ಲಿಷಿನಲ್ಲಿ ಮಾತನಾಡುವವರೂ ಇದ್ದಾರೆ. ಮಗು ನುಡಿಯನ್ನು ಕಲಿಯುವ ಬಗೆಯನ್ನು ಅರಿತರೆ ಈ ಅಂಜಿಕೆಗೆ ಆಧಾರವಿಲ್ಲವೆಂಬುದು ತಿಳಿಯುತ್ತದೆ.

ಮೊದಲು ಕಿವಿ, ಆಮೇಲೆ ನಾಲಿಗೆ

ಕಲಿಕೆ ಮೊದಲ ಮಾತಿಗಿಂತ ಬಹಳ ಹಿಂದೆಯೇ ಆರಂಭವಾಗುತ್ತದೆ. 'ಹತ್ತಿ' ಮತ್ತು 'ಹಟ್ಟಿ' ಪದಗಳ ನಡುವಿನ ವ್ಯತ್ಯಾಸ ಕನ್ನಡಿಗರಿಗೆ ಸಹಜ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಕಷ್ಟ. ಹಿಂದಿಯ ಇಂಥದೇ ಧ್ವನಿಗಳನ್ನು ಬಳಸಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾಗಿದೆ. ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಶಿಶುಗಳು ಈ ಭೇದವನ್ನು ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಸಾಮರ್ಥ್ಯ ಬಹುಮಟ್ಟಿಗೆ ಕುಗ್ಗಿತ್ತು. ಎಂದರೆ, ಸುತ್ತಲಿನ ನುಡಿಗೆ ಬೇಕಾದ ಧ್ವನಿಭೇದಗಳನ್ನು ಶಿಶು ಉಳಿಸಿಕೊಂಡು ಉಳಿದವುಗಳತ್ತ ಗಮನ ಕಡಿಮೆ ಮಾಡುತ್ತದೆ.

ವರ್ಷದ ಆಸುಪಾಸಿನಲ್ಲಿ ಮೊದಲ ಪದ ಹೊರಬರುತ್ತದೆ. ಒಂದೂವರೆಯಿಂದ ಎರಡು ವರ್ಷದೊಳಗೆ 'ಅಮ್ಮ ಬಾ', 'ಹಾಲು ಬೇಕು' ಎಂಬ ಜೋಡಿಪದಗಳು ಮೂಡುತ್ತವೆ. ಆಡಬಲ್ಲ ಪದಗಳಿಗಿಂತ ಅರ್ಥವಾಗುವ ಪದಗಳು ಯಾವಾಗಲೂ ಹೆಚ್ಚು. ಕೆಲಕಾಲ ನಾಲ್ಕು ಕಾಲಿನದೆಲ್ಲವೂ ಮಗುವಿಗೆ 'ನಾಯಿ'ಯೇ ಆಗಿರಬಹುದು. ಹಸು, ಮೇಕೆಗಳ ಹೆಸರು ಕೇಳುತ್ತ ಹೋದಂತೆ ಅರ್ಥದ ಗಡಿ ಸರಿಹೋಗುತ್ತದೆ.

ತಪ್ಪಿನಲ್ಲಿ ಅಡಗಿದ ನಿಯಮ

ವ್ಯಾಕರಣವನ್ನು ಮಗುವಿಗೆ ಯಾರೂ ಪಾಠ ಮಾಡುವುದಿಲ್ಲ. ಆದರೂ 'ಅಣ್ಣ ಬಂದ, ಅಕ್ಕ ಬಂದಳು, ನಾಯಿ ಬಂತು' ಎಂಬ ಭೇದ ಕೂಡಿಬರುತ್ತದೆ. ಇದು ಬರಿಯ ಅನುಕರಣೆಯಲ್ಲ. 'ಓಡು–ಓಡಿದೆ' ಮಾದರಿ ಹಿಡಿದು ಮಗು 'ಕೊಟ್ಟೆ' ಎನ್ನುವಲ್ಲಿ 'ಕೊಡಿದೆ' ಎಂದರೆ, ಆ ರೂಪವನ್ನು ಅದು ಯಾರ ಬಾಯಿಂದಲೂ ಕೇಳಿರುವುದಿಲ್ಲ. ಕೇಳಿದ್ದರಿಂದ ನಿಯಮವನ್ನು ತಾನೇ ಕಟ್ಟಿಕೊಂಡಿದೆ ಎಂಬುದಕ್ಕೆ ಆ ತಪ್ಪೇ ಸಾಕ್ಷಿ.

ಕನ್ನಡದ ಮಕ್ಕಳನ್ನೇ ಕುರಿತ ಮಹತ್ವದ ಅಧ್ಯಯನವೊಂದನ್ನು ಜೆಫ್ರಿ ಲಿಡ್ಜ್, ಹೆನ್ರಿ ಗ್ಲೀಟ್‌ಮನ್ ಮತ್ತು ಲೀಲಾ ಗ್ಲೀಟ್‌ಮನ್ 2003ರಲ್ಲಿ ಪ್ರಕಟಿಸಿದರು. 'ಏರು' ಎಂಬುದಕ್ಕೆ 'ಇಸು' ಸೇರಿದರೆ 'ಏರಿಸು' ಆಗುತ್ತದೆ. ಒಬ್ಬರು ಇನ್ನೊಬ್ಬರಿಂದ ಕೆಲಸ ಮಾಡಿಸಿದ ಅರ್ಥಕ್ಕೆ ಕನ್ನಡದಲ್ಲಿ ಇದು ನಂಬಲರ್ಹ ಗುರುತು. ವಾಕ್ಯದಲ್ಲಿ ಎರಡು ನಾಮಪದಗಳಿದ್ದ ಮಾತ್ರಕ್ಕೆ ಆ ಅರ್ಥ ಬಂದೇ ತೀರಬೇಕೆಂದಿಲ್ಲ. 'ನಾಯಿ ಬೆಕ್ಕನ್ನು ನೋಡಿತು' ಎಂಬಲ್ಲಿ ಯಾರೂ ಏನನ್ನೂ ಮಾಡಿಸಿಲ್ಲ. ಸಂಶೋಧಕರು ಮೂರು ವರ್ಷದ ಮಕ್ಕಳಿಗೆ ವಾಕ್ಯ ಹೇಳಿ, ಅದನ್ನು ಆಟಿಕೆ ಪ್ರಾಣಿಗಳಿಂದ ಅಭಿನಯಿಸಿ ತೋರಿಸಲು ಕೇಳಿದರು. ಮಕ್ಕಳು 'ಇಸು'ವಿಗಿಂತ ನಾಮಪದಗಳ ಸಂಖ್ಯೆಯನ್ನೇ ನೆಚ್ಚಿದರು. ದೊಡ್ಡವರು 'ಇಸು'ವನ್ನು ಗಮನಿಸಿದರು. ಭಾಷೆ ಹೀಗಿರಬಹುದು ಎಂಬ ನಿರೀಕ್ಷೆಯನ್ನು ಮಗು ತನ್ನೊಡನೆ ತರುತ್ತದೆ ಎಂಬುದು ಸಂಶೋಧಕರ ವಾದ. ಆದರೆ 'ಇಸು'ವಿನಂಥ ಪ್ರತ್ಯಯದ ಬಳಕೆಯನ್ನು ಕನ್ನಡ ಕೇಳಿಯೇ ಕಲಿಯಬೇಕು.

ಹಲವು ನುಡಿ ಹೊರೆಯಲ್ಲ

ಎರಡು ಮೂರು ಭಾಷೆ ಕೇಳಿದರೆ ಮಗು ಗೊಂದಲಕ್ಕೆ ಬೀಳುತ್ತದೆ ಎಂಬುದು ತಪ್ಪು ತಿಳಿವಳಿಕೆ. ಒಂದೊಂದು ಭಾಷೆಯಲ್ಲಿ ಪದಗಳು ಕೊಂಚ ಕಡಿಮೆ ಇರಬಹುದು. ಎಲ್ಲ ಭಾಷೆಗಳನ್ನೂ ಕೂಡಿಸಿ ಎಣಿಸಿದರೆ ಸಾಮಾನ್ಯವಾಗಿ ಕೊರತೆ ಇರುವುದಿಲ್ಲ. ನಿಜವಾದ ಕೊರತೆ ಆಗುವುದು ಜೀವಂತ ಮಾತು ಕಡಿಮೆಯಾದಾಗ. ಪೆಟ್ರೀಷಿಯಾ ಕುಹ್ಲ್ ತಂಡದ 2003ರ ಅಧ್ಯಯನದಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳು ಚೀನೀ ಧ್ವನಿಗಳನ್ನು ಎದುರಿಗಿದ್ದ ವ್ಯಕ್ತಿಯಿಂದ ಕಲಿತವು, ಅದೇ ಮಾತಿನ ವಿಡಿಯೊದಿಂದ ಕಲಿಯಲಿಲ್ಲ. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆಯ ವೀಕ್ಷಣೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ.

ಒಂದು ಎಚ್ಚರಿಕೆಯೂ ಅಗತ್ಯ. ಎರಡು ವರ್ಷ ತುಂಬಿದರೂ ಮಗು ಎರಡು ಪದ ಜೋಡಿಸದಿದ್ದರೆ, ಕಲಿತ ಮಾತು ನಿಂತುಹೋದರೆ, 'ಮನೆಯಲ್ಲಿ ಭಾಷೆಗಳು ಹೆಚ್ಚು' ಎಂದು ಸಮಾಧಾನಪಟ್ಟುಕೊಳ್ಳದೆ ಶ್ರವಣ ಪರೀಕ್ಷೆ ಮಾಡಿಸಬೇಕು. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ಹೆಸರಾಗಿದೆ.

ಶಾಲೆಯ ಮಾಧ್ಯಮದ ಆಯ್ಕೆ ಪೋಷಕರದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪಿತ್ತಿತು. ಆದರೆ ಶಾಲೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಮಗುವಿನ ನುಡಿಯ ತಳಪಾಯ ಬಹುಪಾಲು ಬಿದ್ದಿರುತ್ತದೆ. ಮನೆಯಲ್ಲಿ ಎಲ್ಲರೂ 'ಅಂಕಲ್', 'ಆಂಟಿ' ಆದರೆ ಚಿಕ್ಕಪ್ಪ, ಸೋದರಮಾವ, ದೊಡ್ಡಮ್ಮ, ಅತ್ತೆ ಎಂಬ ಪದಗಳಷ್ಟೇ ಅಲ್ಲ, ಅವು ತಿಳಿಸುವ ಸಂಬಂಧದ ಭೇದವೂ ಮಗುವಿಗೆ ದಕ್ಕುವುದಿಲ್ಲ. ಇಂಗ್ಲಿಷನ್ನು ಶಾಲೆ ಕಲಿಸೀತು. ಊಟ, ಸ್ನಾನ, ಆಟ, ಜಗಳಗಳ ನಡುವೆ ದಿನವಿಡೀ ಆಡುವ ಕನ್ನಡವನ್ನು ಮನೆಯವರೇ ಕೊಡಬೇಕು.