ಯಮಳ ನಕ್ಷತ್ರಗಳೂ ಮನೆಯ ದೂರದರ್ಶಕವೂ

ವಿವಾಹದ ದಿನ ಪುರೋಹಿತರು ವಧೂವರರನ್ನು ಚಪ್ಪರದ ಹೊರಗೆ ಕರೆತಂದು ಅರುಂಧತಿಯನ್ನು ತೋರಿಸುವ ಪದ್ಧತಿ ನಮ್ಮಲ್ಲಿ ಎಲ್ಲರಿಗೂ ತಿಳಿದದ್ದೇ. ಮುಹೂರ್ತವು ಬಹುಮಟ್ಟಿಗೆ ಹಗಲಿನಲ್ಲಿರುತ್ತದೆ. ಹೋಮದ ಹೊಗೆಯಿಂದ ದಂಪತಿಗಳ ಕಣ್ಣು ಕೆಂಪಾಗಿರುತ್ತದೆ. ಪುರೋಹಿತರು ಬಿಸಿಲು ತುಂಬಿದ ಆಕಾಶದ ಕಡೆಗೆ ಕೈಯೆತ್ತಿ "ಕಾಣಿಸಿತೆ?" ಎನ್ನುತ್ತಾರೆ, "ಕಾಣಿಸಿತು" ಎಂದು ಇಬ್ಬರೂ ತಲೆಯಾಡಿಸುತ್ತಾರೆ. ಮಂಗಳಕಾರ್ಯದಲ್ಲಿ ಈ ಉತ್ತರವನ್ನು ಯಾರೂ ಆಕ್ಷೇಪಿಸಬೇಕಾಗಿಲ್ಲ. ಆದರೆ ದೂರದರ್ಶಕದ ಮುಂದೆ ಕುಳಿತವನು ಇದೇ ಉತ್ತರವನ್ನು ಕೊಟ್ಟನೆಂದರೆ ಕೆಲಸ ಕೆಟ್ಟಿತು. ಯಮಳ ನಕ್ಷತ್ರಗಳ ವೀಕ್ಷಣೆಯೆಂಬುದು ಮುಖ್ಯವಾಗಿ, ಕಂಡದ್ದನ್ನು ಕಂಡಷ್ಟೇ ಹೇಳುವ ಅಭ್ಯಾಸ. ಈ ಅಭ್ಯಾಸದಿಂದ ಏನೇನು ಲಭಿಸಿದೆಯೆಂಬುದನ್ನೂ, ಮೂರಂಗುಲದ ಮಸೂರವುಳ್ಳ ಸಣ್ಣದೊಂದು ದೂರದರ್ಶಕದಿಂದ ಮನೆಯ ಹಿತ್ತಿಲಲ್ಲಿ ಏನನ್ನು ಕಾಣಬಹುದೆಂಬುದನ್ನೂ ಇಲ್ಲಿ ವಿವರಿಸುತ್ತೇನೆ.

ಅರುಂಧತಿಯಿಂದಲೇ ಆರಂಭಿಸಬಹುದು. ಸೂಕ್ಷ್ಮವಾದುದನ್ನು ತೋರಿಸಬೇಕಾದರೆ ಮೊದಲು ಅದರ ಬಳಿಯ ಸ್ಥೂಲವಾದುದನ್ನು ತೋರಿಸಬೇಕೆಂಬುದಕ್ಕೆ ನಮ್ಮ ಶಾಸ್ತ್ರಕಾರರು ಸ್ಥೂಲಾರುಂಧತೀ ನ್ಯಾಯವೆಂದು ಹೆಸರಿಟ್ಟಿದ್ದಾರೆ. ಏಪ್ರಿಲ್, ಮೇ ತಿಂಗಳುಗಳ ರಾತ್ರಿ ಉತ್ತರ ದಿಕ್ಕಿನಲ್ಲಿ ಸಪ್ತರ್ಷಿ ಮಂಡಲವು ಎತ್ತರದಲ್ಲಿರುತ್ತದೆ. ಅದರ ಬಾಲದ ತುದಿಯಿಂದ ಎರಡನೆಯದು ವಸಿಷ್ಠ; ಅದಕ್ಕೆ ಅಂಟಿಕೊಂಡಂತೆ ಮಂದವಾಗಿ ಮಿನುಗುವುದು ಅರುಂಧತಿ. ಇವೆರಡರ ನಡುವಣ ಅಂತರ ಸುಮಾರು 12 ಕಲೆಗಳು. ನೆಟ್ಟಗಿರುವ ಕಣ್ಣಿಗೆ ಇದು ಕಷ್ಟವಲ್ಲ. ಈಗ ದೂರದರ್ಶಕವನ್ನು ವಸಿಷ್ಠನ ಕಡೆಗೆ ತಿರುಗಿಸಿರಿ. ನಲವತ್ತು ಪಟ್ಟು ವರ್ಧನವಿದ್ದರೂ ಸಾಕು, ವಸಿಷ್ಠನೇ ಎರಡಾಗುತ್ತಾನೆ! ಬೆಳ್ಳಗಿನ ಎರಡು ಚುಕ್ಕೆಗಳು, ಒಂದು ದೊಡ್ಡದು, ಒಂದು ಚಿಕ್ಕದು. ಅವುಗಳ ಅಂತರ 14 ವಿಕಲೆ. ಗೆಲಿಲಿಯೋವಿನ ಶಿಷ್ಯ ಕಾಸ್ಟೆಲ್ಲಿ 1617ರಲ್ಲಿಯೇ ಇದನ್ನು ಕಂಡಿದ್ದನು. ಮುಂದೆ 1889ರಲ್ಲಿ ಹಾರ್ವರ್ಡಿನ ಪಿಕರಿಂಗ್ ಎಂಬಾತನು ಬೆಳಕಿನ ವರ್ಣಪಟಲವನ್ನು ಪರೀಕ್ಷಿಸಿ, ಈ ಎರಡರಲ್ಲಿ ಪ್ರಕಾಶಮಾನವಾದುದು ಮತ್ತೆ ಎರಡೆಂದು ತೋರಿಸಿದನು. ಇನ್ನೊಂದೂ ಹಾಗೆಯೇ ಎಂಬುದು ಅನಂತರ ತಿಳಿಯಿತು. 2009ರಲ್ಲಿ ಅರುಂಧತಿಗೂ ಮಂದವಾದ ಸಂಗಾತಿಯೊಂದು ಕಂಡುಬಂದಿತು. ಒಂದು ದಾಂಪತ್ಯವೆಂದು ನಾವು ಕೈ ಮುಗಿದದ್ದು ಆರು ನಕ್ಷತ್ರಗಳ ಕುಟುಂಬ.

ವಿಕಲೆಯೆಂದರೆ ಎಷ್ಟೆಂಬುದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಒಂದು ಅಂಶದಲ್ಲಿ 60 ಕಲೆ, ಒಂದು ಕಲೆಯಲ್ಲಿ 60 ವಿಕಲೆ. ಒಂದಂಗುಲ ಅಗಲದ ನಾಣ್ಯವನ್ನು ಮೂರೂಕಾಲು ಮೈಲಿ ದೂರದಲ್ಲಿ ನಿಲ್ಲಿಸಿದರೆ ಅದು ನಮ್ಮ ಕಣ್ಣಿನಲ್ಲಿ ಉಂಟುಮಾಡುವ ಕೋನವೇ ಒಂದು ವಿಕಲೆ. ಇಂಥ ಸೂಕ್ಷ್ಮವನ್ನು ಬೇರ್ಪಡಿಸುವ ಶಕ್ತಿ ಯಾವುದರಿಂದ ಬರುತ್ತದೆ? ಅನೇಕರು ವರ್ಧನದಿಂದ ಎಂದು ತಿಳಿದಿರುತ್ತಾರೆ, ಅದು ಸರಿಯಲ್ಲ. ನಕ್ಷತ್ರವು ಎಷ್ಟೇ ದೂರದ ಬಿಂದುವಾಗಿದ್ದರೂ ಮಸೂರದ ಮೂಲಕ ಬಂದ ಬೆಳಕು ಬಿಂದುವಾಗಿ ಸೇರದೆ, ಸಣ್ಣದೊಂದು ಬಿಲ್ಲೆಯಾಗಿಯೂ ಅದರ ಸುತ್ತ ತೆಳುವಾದ ಉಂಗುರಗಳಾಗಿಯೂ ಹರಡುತ್ತದೆ. ಬೆಳಕು ಅಲೆಗಳ ಸ್ವಭಾವವುಳ್ಳದ್ದಾದುದರಿಂದ ಇದು ಅನಿವಾರ್ಯ. ಮಸೂರದ ಅಗಲ ಹೆಚ್ಚಿದಷ್ಟೂ ಬಿಲ್ಲೆ ಕಿರಿದಾಗುತ್ತದೆ. ಇಂಗ್ಲೆಂಡಿನ ಪಾದ್ರಿ ಡಾಸ್ ಎಂಬಾತನು ಬಹುಕಾಲದ ಅನುಭವದಿಂದ ಒಂದು ಸೂತ್ರವನ್ನು ಕೊಟ್ಟಿದ್ದಾನೆ: 4.56ನ್ನು ಮಸೂರದ ಅಂಗುಲಗಳಿಂದ ಭಾಗಿಸಿದರೆ ಬೇರ್ಪಡಿಸಬಹುದಾದ ಅಂತರವು ವಿಕಲೆಗಳಲ್ಲಿ ಬರುತ್ತದೆ. ಮೂರಂಗುಲಕ್ಕೆ ಇದು ಒಂದೂವರೆ ವಿಕಲೆ. ಎರಡು ನಕ್ಷತ್ರಗಳೂ ಸಮಾನವಾದ ಕಾಂತಿಯುಳ್ಳವಾದರೆ ಮಾತ್ರ ಈ ಲೆಕ್ಕ. ಒಂದು ಬಹಳ ಮಂದವಾಗಿದ್ದರೆ ದೊಡ್ಡದರ ಬೆಳಕಿನಲ್ಲಿ ಅದು ಮುಳುಗಿಹೋಗುತ್ತದೆ. ಅಂಗಡಿಯಲ್ಲಿ ಪೆಟ್ಟಿಗೆಯ ಮೇಲೆ ನಾನೂರು ಪಟ್ಟು, ಐನೂರು ಪಟ್ಟು ಎಂದು ಬರೆದಿರುವ ಸಣ್ಣ ದೂರದರ್ಶಕಗಳನ್ನು ಕೊಳ್ಳುವವರು ಇಷ್ಟನ್ನು ನೆನಪಿಟ್ಟರೆ ಹಣ ಉಳಿಯುತ್ತದೆ. ಮೂರಂಗುಲಕ್ಕೆ ನೂರೈವತ್ತು ಪಟ್ಟೇ ಪರಮಾವಧಿ. ಅದಕ್ಕೆ ಮೇಲೆ ದೊಡ್ಡದಾಗುವುದು ಮಸುಕು ಮಾತ್ರ.

ಮಸೂರವಾದ ಮೇಲೆ ಗಾಳಿ. ನಕ್ಷತ್ರಗಳು ಮಿನುಗುವುದನ್ನು ಕವಿಗಳು ಮೆಚ್ಚುತ್ತಾರೆ. ವೀಕ್ಷಕನಿಗೆ ಅದು ಶತ್ರು. ಮಳೆ ನಿಂತ ಮರುದಿನ ಆಕಾಶವು ತೊಳೆದಿಟ್ಟಂತೆ ನಿರ್ಮಲವಾಗಿದ್ದು ಚುಕ್ಕೆಗಳೆಲ್ಲ ಝಗಝಗಿಸುತ್ತಿದ್ದರೆ, ದೂರದರ್ಶಕದೊಳಗೆ ನಕ್ಷತ್ರವು ಕುದಿಯುವ ನೀರಿನೊಳಗಿನ ಅಕ್ಕಿಕಾಳಿನಂತೆ ಕುಣಿಯುವುದನ್ನು ನೋಡಬಹುದು. ತೆಳುವಾಗಿ ಮಂಜು ಕವಿದ, ಎಲೆಯಲುಗದ ರಾತ್ರಿಯೇ ಈ ಕೆಲಸಕ್ಕೆ ಮೇಲು. ಹಗಲೆಲ್ಲ ಬಿಸಿಲು ಕುಡಿದ ತಾರಸಿ ನಡುರಾತ್ರಿಯವರೆಗೂ ಬಿಸಿಯುಸಿರು ಬಿಡುತ್ತಿರುತ್ತದೆ. ಆದುದರಿಂದ ಹುಲ್ಲು ಬೆಳೆದ ಹಿತ್ತಿಲು ವಾಸಿ. ಉಪಕರಣವನ್ನು ಅರ್ಧ ಗಂಟೆ ಮುಂಚಿತವಾಗಿಯೇ ಹೊರಗಿಟ್ಟು ತಣಿಯಲು ಬಿಡಬೇಕು. ಪಟ್ಟಣವಾಸಿಗಳಿಗೆ ಒಂದು ಸಮಾಧಾನವುಂಟು: ಬೀದಿಯ ದೀಪವಾಗಲಿ ಬೆಳುದಿಂಗಳಾಗಲಿ ನೀಹಾರಿಕೆಗಳನ್ನು ಅಳಿಸಿಹಾಕುವಂತೆ ಪ್ರಕಾಶಮಾನವಾದ ಯಮಳಗಳನ್ನು ಅಳಿಸಲಾರವು.

ಈ ಜೋಡಿಗಳು ನಿಜವಾದ ಜೋಡಿಗಳೇ, ಅಥವಾ ಒಂದರ ಹಿಂದೆ ಬಹುದೂರದಲ್ಲಿರುವ ಇನ್ನೊಂದು ಆಕಸ್ಮಿಕವಾಗಿ ಅದೇ ದಿಕ್ಕಿನಲ್ಲಿ ಕಾಣುತ್ತಿರುವುದೇ? ಇಂಗ್ಲೆಂಡಿನ ಜಾನ್ ಮಿಚೆಲ್ 1767ರಲ್ಲಿ, ಆಕಸ್ಮಿಕವೆನ್ನುವುದಕ್ಕೆ ಇವುಗಳ ಸಂಖ್ಯೆ ಮಿತಿಮೀರಿದೆಯೆಂದು ಗಣಿತದಿಂದ ವಾದಿಸಿದನು. ವಿಲಿಯಂ ಹರ್ಷೆಲನು ಕೆಲಸ ಹಿಡಿದದ್ದು ಇದಕ್ಕೆ ವಿರುದ್ಧವಾದ ಭಾವನೆಯಿಂದ. ಹಿಂದಿನ ಮಂದ ನಕ್ಷತ್ರವನ್ನು ಗುರುತುಕಲ್ಲಾಗಿ ಇಟ್ಟುಕೊಂಡರೆ ಮುಂದಿನದರ ದೂರವನ್ನು ಅಳೆಯಬಹುದೆಂಬುದು ಅವನ ಆಶೆ. 1782ರಲ್ಲಿ 269 ಜೋಡಿಗಳ ಪಟ್ಟಿಯನ್ನು ಸಲ್ಲಿಸಿದನು. ಅವುಗಳಲ್ಲಿ ಕಾಸ್ಟರ್ ಒಂದು. ನಮ್ಮ ಪುನರ್ವಸುವಿನ ಎರಡು ನಕ್ಷತ್ರಗಳಲ್ಲಿ ಉತ್ತರದ್ದು. ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ಅಳೆದಮೇಲೆ ಸಂಗಾತಿಯ ದಿಕ್ಕು ತಿರುಗಿದ್ದಿತು. ಸಂಶಯ ನಿವಾರಣೆಗೆ ಅವನಿಗೆ ಒದಗಿದ್ದು, ಬ್ರಾಡ್ಲಿಯೆಂಬ ಜ್ಯೋತಿರ್ವಿದನು 1759ರಲ್ಲಿ ಗಮನಿಸಿದ್ದ ಒಂದು ಸಂಗತಿ: ಕಾಸ್ಟರಿನ ಜೋಡಿಯನ್ನು ಸೇರಿಸುವ ರೇಖೆಯು ಪುನರ್ವಸುವಿನ ಎರಡು ನಕ್ಷತ್ರಗಳನ್ನು ಸೇರಿಸುವ ರೇಖೆಗೆ ಸಮಾಂತರವಾಗಿದೆಯೆಂದು. ಯಾವ ಸಿದ್ಧಾಂತಕ್ಕೂ ಸೇರದೆ ಬಿದ್ದಿದ್ದ ಆ ಒಂದು ಮಾತು ನಾಲ್ವತ್ತು ವರ್ಷಗಳ ಮೇಲೆ ಸಾಕ್ಷಿಯಾಗಿ ನಿಂತಿತು. 1803ರಲ್ಲಿ ಹರ್ಷೆಲನು, ಈ ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಿವೆಯೆಂದು ಸಾರಿದನು. ತಾನು ಹುಡುಕಿದ ದೂರ ಅವನಿಗೆ ಸಿಕ್ಕಲಿಲ್ಲ. ನ್ಯೂಟನನ ಆಕರ್ಷಣೆ ಸೂರ್ಯಮಂಡಲದ ಆಚೆಗೂ ಆಳುತ್ತದೆಯೆಂಬುದು ಸಿಕ್ಕಿತು.

ಇದರಿಂದ ದೊರೆತ ಲಾಭ ಎಣಿಸಲಾಗದು. ನಕ್ಷತ್ರವನ್ನು ತೂಗಲು ಇದಕ್ಕಿಂತ ನೇರವಾದ ತಕ್ಕಡಿಯಿಲ್ಲ. ಉದಾಹರಣೆಗೆ ಕಿನ್ನರ ಮಂಡಲದ ಮೊದಲನೆಯ ನಕ್ಷತ್ರವನ್ನು ತೆಗೆದುಕೊಳ್ಳಿರಿ. ನಮ್ಮಿಂದ 4.4 ಜ್ಯೋತಿರ್ವರ್ಷ ದೂರದಲ್ಲಿರುವ ಈ ಜೋಡಿ ಸುಮಾರು 80 ವರ್ಷಕ್ಕೊಮ್ಮೆ ಒಂದನ್ನೊಂದು ಸುತ್ತುತ್ತದೆ. ಅವುಗಳ ಸರಾಸರಿ ಅಂತರ, ಭೂಮಿಗೂ ಸೂರ್ಯನಿಗೂ ಇರುವ ದೂರದ 23.3ರಷ್ಟು. 23.3ನ್ನು ಘನಮಾಡಿ 80ರ ವರ್ಗದಿಂದ ಭಾಗಿಸಿರಿ. ಬರುವುದು ಹೆಚ್ಚು ಕಡಿಮೆ ಎರಡು. ಎರಡೂ ಕೂಡಿ ಎರಡು ಸೂರ್ಯರಷ್ಟು ತೂಕ. ಹೈಸ್ಕೂಲಿನ ಹುಡುಗನು ಮಾಡಬಹುದಾದ ಲೆಕ್ಕ. ಆದರೆ ಅದರೊಳಗಿನ ಆ 80 ಎಂಬ ಅಂಕಿಯನ್ನು ಪಡೆಯಲು ಒಬ್ಬನ ಆಯುಸ್ಸು ಸಾಲದು.

ಈ ನಕ್ಷತ್ರಕ್ಕೂ ನಮ್ಮ ದಕ್ಷಿಣದೇಶಕ್ಕೂ ಒಂದು ಸಂಬಂಧವಿದೆ. ಅದು ಜೋಡಿಯೆಂದು ಮೊದಲು ಕಂಡದ್ದು ಯೂರೋಪಿನಲ್ಲಲ್ಲ, ಪುದುಚೇರಿಯಲ್ಲಿ. 1689ರ ಡಿಸೆಂಬರಿನಲ್ಲಿ ಅಲ್ಲಿ ಧೂಮಕೇತುವೊಂದನ್ನು ನೋಡುತ್ತಿದ್ದ ಫ್ರೆಂಚ್ ಪಾದ್ರಿ ರಿಷೋ, ಬಳಿಯಲ್ಲೇ ಇದ್ದ ಈ ನಕ್ಷತ್ರವು ಎರಡಾಗಿರುವುದನ್ನು ಗಮನಿಸಿದನು. ಹುಡುಕಿದ್ದು ಬೇರೆ, ಕಂಡದ್ದನ್ನು ಬರೆದಿಟ್ಟನು.

ಬಯಸಿದ್ದೇ ಕಾಣುವ ಅಪಾಯವೂ ಉಂಟು. ಮದರಾಸಿನ ವೇಧಶಾಲೆಯ ಮುಖ್ಯನಾಗಿದ್ದ ಕ್ಯಾಪ್ಟನ್ ಜೇಕಬ್ ಯಮಳಗಳನ್ನು ಅಳೆಯುವುದರಲ್ಲಿ ನಿಪುಣ. ಉರಗಧರ ಮಂಡಲದ 70ನೆಯ ನಕ್ಷತ್ರದ ಸಂಗಾತಿ ಲೆಕ್ಕದ ದಾರಿಯಿಂದ ಸ್ವಲ್ಪ ಸರಿಯುತ್ತಿರುವಂತೆ ಅವನಿಗೆ ಕಂಡಿತು. ಕಣ್ಣಿಗೆ ಕಾಣದ ಗ್ರಹವೊಂದು ಅದನ್ನು ಎಳೆಯುತ್ತಿರಬಹುದೆಂದು 1855ರಲ್ಲಿ ಪ್ರಕಟಿಸಿದನು. ಅನ್ಯನಕ್ಷತ್ರದ ಗ್ರಹವನ್ನು ಕುರಿತ ಮೊದಮೊದಲ ವಾದಗಳಲ್ಲಿ ಇದೊಂದು. ಮುಂದಿನ ಅಳತೆಗಳಲ್ಲಿ ಅದು ನಿಲ್ಲಲಿಲ್ಲ. ಆದರೂ ಆತನನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ತನ್ನ ಅಂಕಿಗಳನ್ನು ಮುಚ್ಚಿಡದೆ ಜಗತ್ತಿನ ಮುಂದಿಟ್ಟದ್ದರಿಂದಲೇ ಇತರರು ಅವನ್ನು ಪರೀಕ್ಷಿಸಲು ಸಾಧ್ಯವಾಯಿತು.

ಆದುದರಿಂದ ಮನೆಯಲ್ಲಿ ನೋಡುವವರು ಒಂದು ಕ್ರಮವನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಸಂಗಾತಿ ಯಾವ ದಿಕ್ಕಿನಲ್ಲಿದೆಯೆಂದು ಪುಸ್ತಕದಲ್ಲಿ ಮೊದಲೇ ನೋಡಬಾರದು. ದೂರದರ್ಶಕವನ್ನು ಅಲುಗಿಸದೆ ಬಿಟ್ಟರೆ ನಕ್ಷತ್ರವು ಯಾವ ಕಡೆಗೆ ಜಾರಿಹೋಗುತ್ತದೆಯೋ ಅದೇ ಪಶ್ಚಿಮ. ಇದನ್ನು ಹಿಡಿದು ಜೋಡಿಯ ಚಿತ್ರವನ್ನು ಬರೆದು, ದಿನಾಂಕ, ವೇಳೆ, ಗಾಳಿಯ ಸ್ಥಿತಿಗಳನ್ನು ಗುರುತಿಸಿ, ಆಮೇಲೆ ಪುಸ್ತಕವನ್ನು ತೆರೆಯಬೇಕು. ಬಣ್ಣದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಹಂಸ ಮಂಡಲದ ಕೊಕ್ಕಿನ ತುದಿಯಲ್ಲಿರುವ ಆಲ್ಬಿರಿಯೋ ನಕ್ಷತ್ರವನ್ನು ಇಬ್ಬರು ಒಟ್ಟಿಗೆ ನೋಡಲಿ. ದೊಡ್ಡದು ಹೊಂಬಣ್ಣವೆಂಬುದರಲ್ಲಿ ಜಗಳವಿರಲಾರದು. ಚಿಕ್ಕದನ್ನು ಒಬ್ಬರು ನೀಲಿಯೆಂದರೆ ಇನ್ನೊಬ್ಬರು ಹಸುರು ಬೆರೆತ ಬಿಳುಪೆನ್ನಬಹುದು; ಹೊನ್ನಿನ ಪಕ್ಕದಲ್ಲಿರುವುದರಿಂದ ಅದರ ನೀಲಿ ಕಣ್ಣಿಗೆ ಇಮ್ಮಡಿಸುತ್ತದೆ. ಬೇರೆ ಬೇರೆ ಕೂತು ಬರೆದು ಅನಂತರ ಹೋಲಿಸಿದರೆ ವಿನೋದವೂ ಆಗುತ್ತದೆ.

ಬದಲಾವಣೆಯನ್ನು ತಾವೇ ಕಾಣಬೇಕೆನ್ನುವವರಿಗೆ ಎರಡು ಜೋಡಿಗಳನ್ನು ಸೂಚಿಸುತ್ತೇನೆ. ಒಂದು ಕನ್ಯಾರಾಶಿಯಲ್ಲಿ, ಚಿತ್ತೆಯ ವಾಯವ್ಯಕ್ಕಿರುವ ಪೊರಿಮಾ: ಸಮಾನ ಕಾಂತಿಯ ಅವಳಿಗಳು. 169 ವರ್ಷದ ಸುತ್ತಿನಲ್ಲಿ ಇವು 2005ರಲ್ಲಿ ಅರ್ಧ ವಿಕಲೆಗಿಂತಲೂ ಹತ್ತಿರ ಬಂದು, ಸಣ್ಣ ದೂರದರ್ಶಕಗಳಿಗೆಲ್ಲ ಒಂದೇ ಆಗಿ ಕಂಡವು. ಈಗ ಮೂರು ವಿಕಲೆಗೂ ಹೆಚ್ಚು ಅಗಲಿರುವುದರಿಂದ ಮೂರಂಗುಲಕ್ಕೆ ಧಾರಾಳವಾಗಿ ಸಿಕ್ಕುತ್ತವೆ. ಇನ್ನೊಂದು ರಿಷೋ ಕಂಡ ಕಿನ್ನರನ ನಕ್ಷತ್ರವೇ. ಜೂನ್ ಮೊದಲ ದಿನಗಳಲ್ಲಿ ರಾತ್ರಿ ಹತ್ತರ ಹೊತ್ತಿಗೆ, ಮೈಸೂರಿನಲ್ಲಿ ನಿಂತವರಿಗೆ, ದಕ್ಷಿಣ ದಿಗಂತದಿಂದ 17 ಅಂಶ ಎತ್ತರದಲ್ಲಿರುತ್ತದೆ. ತ್ರಿಶಂಕುವಿನ ಎಡಕ್ಕೆ ಎರಡು ಪ್ರಕಾಶಮಾನವಾದ ನಕ್ಷತ್ರಗಳಿದ್ದು, ಅವುಗಳಲ್ಲಿ ಹೆಚ್ಚು ಎಡಕ್ಕಿರುವುದೇ ಅದು. ಮೋಡವಿಲ್ಲದ ರಾತ್ರಿಗಾಗಿ ಕಾಯಬೇಕಾಗುವುದು. 2016ರಲ್ಲಿ ಇದರ ಅಂತರ 4 ವಿಕಲೆಯಷ್ಟಿತ್ತು. 2029ರಲ್ಲಿ 10 ವಿಕಲೆಗೆ ಏರಿ ಮತ್ತೆ ಇಳಿಯತೊಡಗಿ, 2038ರ ಸುಮಾರಿಗೆ ಎರಡು ವಿಕಲೆಗಿಂತಲೂ ಕಡಮೆಯಾಗುವುದು. ಆಗ ಅಷ್ಟು ತಗ್ಗಿನಲ್ಲಿ, ದಿಗಂತದ ಗಾಳಿಯೊಳಗೆ, ಮೂರಂಗುಲದ ಮಸೂರವು ಅದನ್ನು ಬಿಡಿಸೀತೋ ಇಲ್ಲವೋ ಎಂಬುದನ್ನು ಇಂದು ಚಿತ್ರ ಬರೆದಿಟ್ಟವರೇ ನೋಡಿ ಹೇಳಬೇಕು.