ಸೂರಃ ಮುಲ್ಕ್ ಬರೆದ ಗುಲಾಮ

ರಾತ್ರಿ ಮಲಗುವ ಮುನ್ನ ಸೂರಃ ಅಲ್ ಮುಲ್ಕ್ ಓದುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. 1831ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಅರುವತ್ತರ ಆಸುಪಾಸಿನ ಗುಲಾಮರೊಬ್ಬರು ತಮ್ಮ ಆತ್ಮಕಥೆ ಬರೆಯಲು ಕುಳಿತಾಗ ಮೊದಲು ಬರೆದದ್ದು ಇದೇ ಸೂರಃ. ಅವರ ಹೆಸರು ಉಮರ್ ಬಿನ್ ಸಈದ್.

ಉಮರ್ ಹುಟ್ಟಿದ್ದು ಈಗಿನ ಸೆನೆಗಲ್‌ನ ಫೂತಾ ತೋರೊ ಪ್ರದೇಶದಲ್ಲಿ. 25 ವರ್ಷ ದೀನೀ ವಿದ್ಯೆ ಕಲಿತ ವಿದ್ವಾಂಸ ಅವರು. 1807ರಲ್ಲಿ ಶತ್ರುಸೇನೆಯೊಂದು ಅವರನ್ನು ಸೆರೆಹಿಡಿಯಿತು. ಸಮುದ್ರದಲ್ಲಿ ಒಂದೂವರೆ ತಿಂಗಳು ಸಾಗಿಸಿ ಚಾರ್ಲ್‌ಸ್ಟನ್ ಬಂದರಿನಲ್ಲಿ ಮಾರಲಾಯಿತು. ಕ್ರೂರಿಯಾದ ಯಜಮಾನನಿಂದ ಓಡಿಹೋಗಿ ಫಯೆಟ್‌ವಿಲ್‌ನಲ್ಲಿ ಜೈಲು ಸೇರಿದರು. ಅಲ್ಲಿನ ಗೋಡೆಗಳ ಮೇಲೆ ಅವರು ಇದ್ದಿಲಿನಿಂದ ಅರಬಿಯಲ್ಲಿ ಬರೆದರೆಂದೂ ಜನ ಅದನ್ನು ನೋಡಲು ಬಂದರೆಂದೂ ಹೇಳಲಾಗುತ್ತದೆ. ಬಳಿಕ ಜೇಮ್ಸ್ ಓವನ್ ಎಂಬವರು ಅವರನ್ನು ಕೊಂಡರು.

ಗುಲಾಮರಿಗೆ ಓದುಬರಹ ಕಲಿಸುವುದು ಅಪರಾಧವೆಂದು ಆ ರಾಜ್ಯ 1830ರಲ್ಲಷ್ಟೇ ಕಾನೂನು ಮಾಡಿತ್ತು. ಆದರೆ ಉಮರ್ ಅಕ್ಷರವನ್ನು ಊರಿನಿಂದಲೇ ಎದೆಯಲ್ಲಿ ತಂದಿದ್ದರು. ಅರಬಿಯಲ್ಲಿ ಬರೆದದ್ದನ್ನು ಯಜಮಾನ ತಿದ್ದುವಂತೆಯೂ ಇರಲಿಲ್ಲ. ಸಕಲ ಒಡೆತನವೂ ಅಲ್ಲಾಹನದ್ದೇ ಎಂದು ಸಾರುವ ಸೂರಃ ಅದು. ಒಬ್ಬ ಮನುಷ್ಯನ ಸೊತ್ತಾಗಿದ್ದವರು ಅದನ್ನೇ ಆರಿಸಿದ್ದರ ಅರ್ಥ ಬಿಡಿಸಿ ಹೇಳಬೇಕೇ?

ಉಮರ್ ಕ್ರೈಸ್ತರಾದರೆಂದು ಚರ್ಚ್ ಹೇಳಿಕೊಂಡಿತು. ಆದರೆ ಅವರ ಅರಬಿ ಬೈಬಲಿನಲ್ಲಿ ಅವರದೇ ಕೈಬರಹದಲ್ಲಿ ಅಲ್ಲಾಹನ ಸ್ತುತಿಯಿದೆ. ಹೃದಯದೊಳಗಿನದ್ದನ್ನು ಅವನೇ ಬಲ್ಲ.

ಓವನ್ ಕುಟುಂಬ ತನ್ನನ್ನು ಹೊಡೆಯುವುದಿಲ್ಲ, ತಾವು ಉಂಡದ್ದನ್ನೇ ಉಣಿಸುತ್ತಾರೆ, ಉಟ್ಟಂಥದ್ದನ್ನೇ ಉಡಿಸುತ್ತಾರೆ ಎಂದೂ ಉಮರ್ ಬರೆದಿದ್ದಾರೆ. ಗುಲಾಮರು ನಿಮ್ಮ ಸಹೋದರರು, ಅವರನ್ನು ಹೀಗೆಯೇ ನೋಡಿಕೊಳ್ಳಿ ಎಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದು ನಮಗೆ ಗೊತ್ತು. ಆದರೆ ಓವನ್ ಮನೆಯವರು ಅವರನ್ನು ಬಿಡುಗಡೆ ಮಾಡಲಿಲ್ಲ. 1865ರಲ್ಲಿ ಅಮೆರಿಕದಲ್ಲಿ ಗುಲಾಮಗಿರಿ ರದ್ದಾಗುವ ಮೊದಲೇ, ಗುಲಾಮರಾಗಿಯೇ ಉಮರ್ ತೀರಿಕೊಂಡರು.

ಇಲ್ಲಿ ನಾವೂ ಕನ್ನಡಿ ನೋಡಿಕೊಳ್ಳಬೇಕು. ಕೊರಳ ಬಿಡುಗಡೆಯನ್ನು ಕುರ್‌ಆನ್ ಪುಣ್ಯದ ಕಡಿದಾದ ಏರುದಾರಿಯೆಂದು ಕರೆಯಿತು. ಹ. ಬಿಲಾಲ್(ರ)ರನ್ನು ಹ. ಅಬೂಬಕರ್(ರ) ಕೊಂಡು ಬಿಡುಗಡೆಗೊಳಿಸಿದರು. ಆದರೂ ಝಾಂಝಿಬಾರ್‌ನ ಗುಲಾಮರ ಸಂತೆ 1873ರ ತನಕ ನಡೆಯಿತು. ಸೌದಿ ಅರೇಬಿಯಾ ಗುಲಾಮಗಿರಿಯನ್ನು ನಿಷೇಧಿಸಿದ್ದು 1962ರಲ್ಲಿ, ಮಾರಿಟೇನಿಯಾ 1981ರಲ್ಲಿ. ‘ನಮ್ಮವರು ಗುಲಾಮರನ್ನು ಚೆನ್ನಾಗಿ ನೋಡಿಕೊಂಡರು’ ಎಂಬ ಸಮಾಧಾನ ಎಷ್ಟು ಟೊಳ್ಳೆಂದು ಉಮರ್ ಬದುಕು ತೋರಿಸುತ್ತದೆ. ದಯೆ ಬೇರೆ, ಬಿಡುಗಡೆ ಬೇರೆ.

ಉಮರ್ ಅವರ ಹಸ್ತಪ್ರತಿ 2017ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿತು. 2019ರಿಂದ ಅದನ್ನು ಅಂತರ್ಜಾಲದಲ್ಲಿ ಯಾರೂ ನೋಡಬಹುದು. ಮಕ್ಕಳಿಗೆ ಸೂರಃ ಮುಲ್ಕ್ ಕಂಠಪಾಠ ಮಾಡಿಸುವ ತಾಯಂದಿರು ಈ ಕಥೆಯನ್ನೂ ಹೇಳಲಿ. ಮನೆಗೆಲಸಕ್ಕೆ ಬರುವ ಹೆಣ್ಣುಮಗಳ ಸಂಬಳ, ರಜೆ ನಮ್ಮ ಔದಾರ್ಯವಲ್ಲ, ಅವಳ ಹಕ್ಕು ಎಂಬ ಪಾಠ ಅಲ್ಲಿಂದಲೇ ಆರಂಭವಾಗಲಿ.