ಹಳೆಯ ಕಾರಿನ ಮುಪ್ಪು

ಪ್ರಶ್ನೆ: ನನ್ನ ಮಾರುತಿ 800 ಒಂದೂವರೆ ಲಕ್ಷ ಕಿಲೋಮೀಟರು ಓಡಿದೆ. ಯಾವ ಭಾಗ ಯಾವಾಗ ಕೈಕೊಡುವುದೆಂದು ಮೊದಲೇ ತಿಳಿಯಬಹುದೇ?

ಉತ್ತರ: ಬಹುಮಟ್ಟಿಗೆ ತಿಳಿಯಬಹುದು, 1983ರ ಡಿಸೆಂಬರಿನಲ್ಲಿ ಮೊದಲು ಗ್ರಾಹಕರ ಕೈಸೇರಿ, 2014ರಲ್ಲಿ ತಯಾರಿಕೆ ನಿಂತುಹೋದ ಈ ಪುಟ್ಟ ವಾಹನವು ಹೇಳದೆ ಕೇಳದೆ ಕೆಡುವುದು ವಿರಳ. ಸ್ಟಿಯರಿಂಗನ್ನು ಪೂರ್ತಿಯಾಗಿ ಹೊರಳಿಸಿ ತಿರುವಿನಲ್ಲಿ ಸಾಗುವಾಗ ಟಕಟಕವೆಂಬ ಶಬ್ದವು ಕೇಳಿಬಂದರೆ, ಮುಂಚಕ್ರದ ಆಕ್ಸಲ್ ಕೀಲಿನ ರಬ್ಬರ್ ಕವಚವು ಹರಿದು, ಗ್ರೀಸು ಹೊರಚೆಲ್ಲಿ, ಧೂಳು ಒಳಹೊಕ್ಕು ಕೀಲು ಸವೆದಿರುವುದೆಂದು ಊಹಿಸಬಹುದು; ಕವಚವು ಬಿರುಕುಬಿಟ್ಟಾಗಲೇ ಬದಲಿಸಿದ್ದರೆ ಅಲ್ಪವ್ಯಯದಲ್ಲಿ ಮುಗಿಯುತ್ತಿದ್ದ ಕೆಲಸವದು. ಇಂಜಿನ್ನು ತಣಿದಿರುವಾಗ ರೇಡಿಯೇಟರಿನ ಹೋಸನ್ನು ಬೆರಳುಗಳಿಂದ ಅದುಮಿ ನೋಡಿರಿ: ಒಣಗಿದ ತೊಗಲಿನಂತೆ ಬಿರುಸಾಗಿದ್ದರೂ, ಅತಿಯಾಗಿ ಮೆತ್ತಗಾಗಿದ್ದರೂ ಅದರ ಆಯುಷ್ಯ ತೀರುತ್ತ ಬಂದಿತೆಂದೇ ಅರ್ಥ. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವ ಸ್ವಭಾವದ್ದಾದುದರಿಂದ, ಅದರ ಕುದಿಬಿಂದುವು ಇಳಿದು ಘಾಟಿಯ ಇಳಿಜಾರಿನಲ್ಲಿ ಬ್ರೇಕು ಸೋಲದಿರಲೆಂದು ಎರಡು ವರ್ಷಕ್ಕೊಮ್ಮೆ ಹೊಸತನ್ನು ತುಂಬಿಸುವುದು ಲೇಸು. ಮುನ್ಸೂಚನೆಯನ್ನೇ ಕೊಡದೆ ತುಂಡಾಗಬಲ್ಲ ಟೈಮಿಂಗ್ ಬೆಲ್ಟೊಂದನ್ನು ಮಾತ್ರ, ಕಿವಿಯನ್ನು ನಂಬದೆ ಲೆಕ್ಕದ ಪುಸ್ತಕವನ್ನು ನಂಬಿ, ಕಾಲ ಮತ್ತು ದೂರಗಳ ಗಡುವಿಗೆ ಸರಿಯಾಗಿ ಬದಲಿಸತಕ್ಕದ್ದು.